ಪೂರ್ತಿ ಪಥ್ಯ

ಜನ್ನಾಪುರದ ಬೀದಿ ನಲ್ಲಿಯಲ್ಲಿ ಕೊಡ ತುಂಬುವುದನ್ನು ಕಾಯುತ್ತಾ ನಿಂತಿದ್ದ ಜಯಶೀಲಾಳ ಕೈಗೆ ಪಕ್ಕದ ಮನೆಯ ಪೊನ್ನಮ್ಮ ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ ಇಟ್ಟಳು.

"ಏನು ವಿಶೇಷ ಪೊನ್ನಮ್ಮ?"

"ವಿಶೇಷ ಏನೂ ಇಲ್ಲಕ್ಕಾ. ನಿಮ್ಮ ಯಜಮಾನ್ರಿಗೆ ನಾನು ಏನು ಕೊಡೋಕಾಗುತ್ತೆ? ಅದಕ್ಕೆ ನಿಮಗೆ ಹೂ."

ಪೊನ್ನಮ್ಮನ ಸೊಂಟದ ಮೇಲೆ ಅವಳ ಮಗು ಕೂತಿತ್ತು. ಕಣ್ಣಿಗೆ ಕಾಡಿಗೆ, ಕೆನ್ನೆಗೊಂದು ದೃಷ್ಟಿಬೊಟ್ಟು. ಜಯಶೀಲಾ ಅದರ ಪಾದ ಹಿಡಿದು ಅಲ್ಲಾಡಿಸಿದಳು.

"ನಮ್ಮ ಯಜಮಾನ್ರು ಏನು ಮಾಡಿದ್ರು ಅಂಥದ್ದು?"

"ಇವನು ಹುಟ್ಟಿದಾಗಿಂದ ನಮ್ಮೋರ ನೈಟ್ ಶಿಫ್ಟ್ ಎಲ್ಲಾ ಅವರೇ ತಗೊಂಡ್ರಲ್ಲಕ್ಕಾ. ರಾತ್ರಿ ಇವನು ಅತ್ರೆ ಎತ್ಕೊಳ್ಳೋಕೆ ಮನೇಲಿ ಒಂದು ಗಂಡಸು ಇದೆ ಅಂದ್ರೆ ಅದು ನಿಮ್ಮೋರ ಪುಣ್ಯ."

ಜಯಶೀಲಾ ನಕ್ಕಳು. "ಕಂಪನಿಯೋರು ಹಾಕಿದ ಶಿಫ್ಟಿಗೆ ಹೋಗ್ತಾರೆ. ಅದ್ರಲ್ಲಿ ಪುಣ್ಯ ಎಂಥದ್ದು?"

"ಕಂಪನಿ ಎಲ್ಲಿ ಹಾಕುತ್ತೆ? ಎಲ್ರಿಗೂ ಒಂದು ವಾರ ನೈಟು, ಆಮೇಲೆ ಡೇ ಬಂದೇ ಬರುತ್ತೆ. ನಿಮ್ಮೋರೇ ಫೋರ್ಮನ್ ಹತ್ರ ಹೋಗಿ ಕೇಳಿ ಕೇಳಿ ತಗೊಳ್ತಾರೆ. ನಮಗಿಂತ ಮುಂಚೆ ಮೂರ್ತಪ್ಪನ ನೈಟ್ ತಗೊಳ್ತಿದ್ರಂತೆ. ಉಜ್ಜನಪ್ಪಂಗೆ ಮನೇಲಿ ನಿದ್ದೆ ಬರಲ್ಲ ಅಂತ ಕಬ್ಬಿಣದ ಕಾರ್ಖಾನೇಲೆಲ್ಲಾ ತಮಾಷೆ ಮಾಡ್ತಾರಂತೆ."

ಕೊಡ ತುಂಬಿ ನೀರು ಸುರಿಯುತ್ತಿತ್ತು. ಹಿಂದೆ ನಿಂತಿದ್ದವರು ಯಾರೋ ಬೈದರು. ಜಯಶೀಲಾ ಕೊಡ ಎತ್ತಿಕೊಂಡು ಮನೆಗೆ ನಡೆದಳು. ಮಲ್ಲಿಗೆ ನಲ್ಲಿಯ ಕಟ್ಟೆಯ ಮೇಲೇ ಉಳಿಯಿತು.

*

ಹೊಸ ಪೈಸೆ ಬಂದ ವರ್ಷ ಅವರ ಮದುವೆಯಾಗಿತ್ತು.

ಹೆಣ್ಣು ನೋಡಲು ಶಿವಮೊಗ್ಗದ ದುರ್ಗಿಗುಡಿಯ ಮನೆಗೆ ಬಂದಿದ್ದ ಉಜ್ಜನಪ್ಪ ಚಾಪೆಯ ನೂಲು ಎಣಿಸುವವನಂತೆ ತಲೆ ತಗ್ಗಿಸಿ ಕೂತಿದ್ದ. ಹುಡುಗಿಯನ್ನು ಏನಾದರೂ ಕೇಳಪ್ಪ ಎಂದು ಹಿರಿಯರು ಒತ್ತಾಯ ಮಾಡಿದಾಗ, ಬಹಳ ಯೋಚಿಸಿ, "ಈ ಮಜ್ಜಿಗೆ ಯಾರು ಮಾಡಿದ್ದು?" ಎಂದು ಕೇಳಿದ್ದ.

"ಎಮ್ಮೆ," ಎಂದಿದ್ದಳು ಜಯಶೀಲಾ.

ಅವನು ತಲೆ ಎತ್ತಿದ್ದು ಆಗ. ಹಣೆಯ ವಿಭೂತಿಯ ಕೆಳಗೆ ಎರಡು ಕಣ್ಣು ತಡೆಯಲಾರದೆ ನಕ್ಕುಬಿಟ್ಟಿದ್ದವು. ಆ ಕಣ್ಣಿಗೆ ಅವಳು ಒಪ್ಪಿದ್ದಳು.

ಜನ್ನಾಪುರದ ಬಾಡಿಗೆ ಮನೆಗೆ ಒಂದು ಕೋಣೆ, ಒಂದು ಅಡುಗೆಮನೆ. ಮೊದಲ ವರ್ಷ ಅಷ್ಟು ಚಿಕ್ಕ ಮನೆಯೂ ಅವರಿಗೆ ದೊಡ್ಡದಾಗಿತ್ತು. ಅವಳು ರೊಟ್ಟಿ ತಟ್ಟುತ್ತಿದ್ದರೆ ಅವನು ನೀರು ಕುಡಿಯುವ ನೆಪದಲ್ಲಿ ಒಳಗೆ ಬರುತ್ತಿದ್ದ. ಕುಡಿದ ನೀರೇ ಎಷ್ಟು ಸಲ ಕುಡೀತೀರಿ ಎಂದು ಅವಳು ತಿರುಗಿದರೆ, ಹಿಟ್ಟಾದ ಅವಳ ಕೆನ್ನೆಯನ್ನು ನೋಡುತ್ತಾ ನಿಂತಿರುತ್ತಿದ್ದ.

"ಏನು ನೋಡ್ತೀರಿ?"

"ರೊಟ್ಟಿ ಸೀದು ಹೋಗ್ತಿದೆ."

"ಅದು ಹೆಂಚಿನ ಮೇಲಿದೆ. ನೀವು ಇಲ್ಲಿ ನೋಡ್ತಿದೀರಿ."

ಮಾತು ಅವನಿಗೆ ಕಡಿಮೆ. ಅವನು ಹೇಳದೆ ಬಿಟ್ಟದ್ದನ್ನು ಅವಳು ಅವನ ಕಣ್ಣಿನಲ್ಲಿ ಓದಿಕೊಳ್ಳುತ್ತಿದ್ದಳು. ಹಾಗೆ ಓದುವುದು ತನಗೆ ಚೆನ್ನಾಗಿ ಬರುತ್ತದೆ ಎಂಬ ಹೆಮ್ಮೆ ಅವಳಿಗಿತ್ತು.

ಮರುವರ್ಷ ಬಸುರಿಯಾದಳು. ದಿನ ತುಂಬುವ ಮೊದಲೇ ಕಾಲು ಬಾತವು, ಮುಖ ಬಾತಿತು, ಕಣ್ಣು ಮಂಜಾಯಿತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಮಗು ಉಳಿಯಲಿಲ್ಲ. ಅವಳು ಉಳಿದದ್ದೇ ಹೆಚ್ಚು ಎಂದರು. ತವರಿನಲ್ಲಿ ಬಾಣಂತನ ಮುಗಿಸಿ, ಬರಿಗೈಯಲ್ಲಿ ಜನ್ನಾಪುರಕ್ಕೆ ಬಂದಳು.

ಅದಾದ ಒಂದು ವಾರಕ್ಕೆ ಶುರುವಾಯಿತು ನೈಟ್ ಶಿಫ್ಟ್.

ಅವನು ಬೆಳಿಗ್ಗೆ ಬಂದು ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ತಿಂಡಿ ತಿಂದು ಮಲಗುತ್ತಿದ್ದ. ಸಂಜೆ ಎದ್ದು, ಶಿಫ್ಟಿಗೆ ಇನ್ನೂ ಹೊತ್ತಿದ್ದರೂ ದೀಪ ಹಚ್ಚುತ್ತಿದ್ದಂತೆ ಹೊರಡುತ್ತಿದ್ದ. ಕಂಪನಿಯೋರು ಹಾಕಿದಾರೆ, ಏನು ಮಾಡೋದು ಎನ್ನುತ್ತಿದ್ದ. ಅವಳು ಕಂಪನಿಯನ್ನು ಬೈದುಕೊಂಡಳು. ಕಾಣದ ಫೋರ್ಮನ್ನನಿಗೆ ಶಾಪ ಹಾಕಿದಳು. ಗಂಡ ಬಡವಾಗುತ್ತಿದ್ದಾನೆ, ಹೊಟ್ಟೆ ಹಿಡಿದುಕೊಂಡು ಸೋಡಾಪುಡಿ ನುಂಗುತ್ತಿದ್ದಾನೆ ಎಂದು ಮರುಗಿದಳು.

ಅವಳ ಮೈಯೂ ಸರಿ ಇರಲಿಲ್ಲ. ಮೊದಲು ತಲೆನೋವು ಬಂತು. ಆಮೇಲೆ ನಿದ್ದೆ ಹೋಯಿತು. ಸುಮ್ಮನೆ ಕೂತಿದ್ದಾಗಲೂ ಎದೆ ಹೊಡೆದುಕೊಳ್ಳುತ್ತಿತ್ತು. ಒಬ್ಬಳಿಗೆ ಮಾಡಿದ ಅಡುಗೆಯೂ ಉಳಿಯುತ್ತಿತ್ತು. ಎಲ್ಲಕ್ಕೂ ಕಂಪನಿಯೇ ಕಾರಣ ಎಂದು ನಂಬಿದ್ದಳು. ದೂರಲು ಒಂದು ಕಾರಣ ಇದ್ದರೆ ಮನುಷ್ಯರು ಬಹಳ ತಡೆದುಕೊಳ್ಳುತ್ತಾರೆ.

ಈಗ ಆ ಕಾರಣ ಹೋಗಿತ್ತು.

*

ಸಂಜೆ ಉಜ್ಜನಪ್ಪ ಸೈಕಲ್ಲಿಗೆ ಊಟದ ಡಬ್ಬಿ ಕಟ್ಟುತ್ತಿದ್ದ. ಜಯಶೀಲಾ ಬಾಗಿಲಿಗೆ ಒರಗಿ ನಿಂತಳು.

"ಈ ವಾರವೂ ನೈಟ್ ಹಾಕಿದಾರಾ?"

"ಹೂಂ. ಹಾಕಿದಾರೆ."

"ಮುಂದಿನ ವಾರ?"

"ಹಾಕಬಹುದು. ಕಂಪನಿ ಕೆಲಸ ಅಂದ್ರೆ ಹಂಗೇ ಅಲ್ವಾ ಮಾರಾಯ್ತಿ."

"ಫೋರ್ಮನ್ನಿಗೆ ಒಂದು ಮಾತು ಹೇಳಿ ನೋಡಬಾರದಾ? ಮನೇಲಿ ಹೆಂಡ್ತಿ ಒಬ್ಬಳೇ ಇರ್ತಾಳೆ ಅಂತ?"

ಅವನು ಸೈಕಲ್ಲಿನ ಸೀಟು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. "ಹೇಳಿ ನೋಡಿದೆ. ಅವರು ಕೇಳಲ್ಲ."

ಇದೊಂದು ಮಾತನ್ನು ಅವನು ಹೇಳದೆ ಇದ್ದಿದ್ದರೆ ಅವಳು ಅಲ್ಲೇ ಕೇಳಿಬಿಡುತ್ತಿದ್ದಳೇನೋ. ಸುಳ್ಳು ಹೇಳುವಾಗಲೂ ಅವನ ದನಿ ಎಷ್ಟು ಮೆತ್ತಗಿತ್ತೆಂದರೆ, ಅವಳಿಗೆ ಹೆದರಿಕೆಯಾಯಿತು. ಇಷ್ಟು ದಿನ ಎಷ್ಟು ಸಲ ಈ ದನಿಯನ್ನು ನಂಬಿದ್ದಳೋ.

ಬೇರೆ ಹೆಂಗಸೊಬ್ಬಳು ಇದ್ದಿದ್ದರೆ ಹೋಗಿ ಅವಳ ಮುಖವನ್ನಾದರೂ ನೋಡಿ ಬರಬಹುದಿತ್ತು. ಇವನು ಹೆಂಡತಿಯಿಂದ ತಪ್ಪಿಸಿಕೊಂಡು ಓಡಿಹೋಗುತ್ತಿದ್ದದ್ದು ಕಾದ ಕಬ್ಬಿಣದ ಹತ್ತಿರಕ್ಕೆ. ಬೆಂಕಿಗಿಂತ ತಾನು ಕಡೆಯಾದೆನೇ? ಮಗುವನ್ನು ಹೊತ್ತು ಉಳಿಸಿಕೊಳ್ಳಲಾರದ ಈ ಮೈಯನ್ನು ಕಂಡರೆ ಅವನಿಗೆ ಅಸಹ್ಯವೇ?

ಮರುದಿನ ಬೆಳಿಗ್ಗೆ ತಿಂಡಿ ಬಡಿಸಿ, "ಊರಿಗೆ ಹೋಗ್ತೀನಿ," ಎಂದಳು.

"ಹೋಗಿ ಬಾ. ಅಲ್ಲಿ ನಿನಗೆ ಆರಾಮಾಗುತ್ತೆ."

ಯಾಕೆ ಎಂದು ಕೇಳಲಿ ಎಂದು ಅವಳು ಕಾದಳು. ಯಾವಾಗ ಬರ್ತೀಯ ಎಂದಾದರೂ ಕೇಳಲಿ ಎಂದು ಕಾದಳು. ಅವನು ಚಟ್ನಿ ಮುಗಿಸಿ ಕೈ ತೊಳೆದುಕೊಂಡ.

ಭದ್ರಾವತಿ ಸ್ಟೇಷನ್ನಿನಲ್ಲಿ ಅವಳನ್ನು ಗಾಡಿ ಹತ್ತಿಸಿ, ಕಿಟಕಿಯ ಕಂಬಿ ಹಿಡಿದುಕೊಂಡು ನಿಂತ. ಗಾಡಿ ಹೊರಟಾಗ ಆ ಕೈ ಸ್ವಲ್ಪ ದೂರ ಜೊತೆಗೇ ಬಂತು. ಅವಳು ಅತ್ತ ನೋಡಲಿಲ್ಲ.

*

"ಏನೇ ಇದು, ಗಾಜಿನ ಬಳೆ ಮೊಣಕೈವರೆಗೂ ಹೋಗ್ತಿದೆ?" ಎಂದು ತಾಯಿ ವೀರಮ್ಮ ಮಗಳ ಕೈ ಹಿಡಿದು ನೋಡಿದಳು. ತಂದೆ ಷಣ್ಮುಖಪ್ಪನವರು ಗಾಂಧಿ ಬಜಾರಿನ ತಮ್ಮ ಬಟ್ಟೆ ಅಂಗಡಿಗೆ ಹೋಗುವ ಮೊದಲು ಅವಳನ್ನು ನರಸಿಂಹಮೂರ್ತಿ ಡಾಕ್ಟರ ಹತ್ತಿರ ಬಿಟ್ಟುಹೋದರು.

ಡಾಕ್ಟರು ವಯಸ್ಸಾದವರು. ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದರು, ಇಳಿಸಿದರು, ಮತ್ತೊಮ್ಮೆ ಒತ್ತಿದರು.

"ನಿನ್ನ ವಯಸ್ಸಿಗೆ ಇಷ್ಟು ಬಿ.ಪಿ. ಇರಬಾರದಲ್ಲಮ್ಮ. ನಿದ್ದೆ ಮಾಡ್ತೀಯಾ?"

"ಇಲ್ಲ."

"ಊಟ?"

"ಒಬ್ಬಳೇ ಅಲ್ವಾ. ಮಾಡಿದ್ದು ಉಳಿಯುತ್ತೆ."

"ಗಂಡ ಹೆಂಡ್ತಿ ಜಗಳ ಆಡ್ತೀರಾ?"

"ಇಲ್ಲ ಡಾಕ್ಟ್ರೇ. ಒಂದ್ಸಲನೂ ಇಲ್ಲ." ಅವಳು ಜಾರಿದ ಬಳೆ ಸರಿಸಿಕೊಂಡಳು. "ಆಡೋಕಾದ್ರೂ ಇಬ್ಬರೂ ಒಟ್ಟಿಗೆ ಎಚ್ಚರ ಇರಬೇಕಲ್ಲ."

ಡಾಕ್ಟರು ಪಟ್ಟಿಯನ್ನು ನಿಧಾನವಾಗಿ ಬಿಚ್ಚಿದರು.

"ಜಗಳ ಆಡೋರು ನನ್ನ ಹತ್ರ ಕಡಿಮೆ ಬರ್ತಾರಮ್ಮ. ಮಾತು ಬಿಟ್ಟೋರೇ ಜಾಸ್ತಿ ಬರೋದು. ಒಬ್ಬರಿಗೆ ತಲೆ, ಒಬ್ಬರಿಗೆ ಎದೆ, ಒಬ್ಬರಿಗೆ ಹೊಟ್ಟೆ. ನಾನು ಮಾತ್ರೆ ಕೊಡ್ತೀನಿ, ಇಳಿಯುತ್ತೆ. ಮನೆಗೆ ಹೋಗ್ತಾರೆ, ಮತ್ತೆ ಏರುತ್ತೆ. ನಿನ್ನ ಗಂಡ ಹೇಗಿದಾನೆ?"

"ಅವರಿಗೆ ಹೊಟ್ಟೆ."

"ಅಂದ್ಕೊಂಡೆ. ಭಾನುವಾರ ಅವನೂ ಬರಲಿ."

ಮಾತ್ರೆ ನುಂಗಿದಳು. ತವರಿನ ಹಾಸಿಗೆಯಲ್ಲೂ ನಿದ್ದೆ ಬರಲಿಲ್ಲ. ನಿಮ್ಮೋರೇ ಕೇಳಿ ಕೇಳಿ ತಗೊಳ್ತಾರೆ ಎಂದ ಪೊನ್ನಮ್ಮನ ಮಾತು ಕಿವಿಯಲ್ಲಿ ಕೂತಿತ್ತು. ನನ್ನ ಹತ್ತಿರ ಒಂದು ಲೋಟ ನೀರನ್ನೂ ಬಾಯಿಬಿಟ್ಟು ಕೇಳದ ಮನುಷ್ಯ, ನನ್ನಿಂದ ದೂರ ಇರುವುದಕ್ಕೆ ಊರೆಲ್ಲ ನಗುವಂತೆ ಕೇಳಿಕೊಂಡನಲ್ಲ ಎಂದು ಸಂಕಟಪಟ್ಟಳು.

*

ಭಾನುವಾರ ಉಜ್ಜನಪ್ಪ ಬಂದ. ಮಾವ ಹೇಳಿಕಳಿಸಿದ್ದರು, ಅದಕ್ಕೇ ಬಂದ. ಅಂಗಿಯೊಳಗೆ ಮನುಷ್ಯ ಇದ್ದಾನೋ ಇಲ್ಲವೋ ಎನ್ನುವ ಹಾಗಿದ್ದ. ಜಯಶೀಲಾ ಅವನ ಜೊತೆ ಡಾಕ್ಟರ ಮನೆಯವರೆಗೂ ಮಾತಾಡದೆ ನಡೆದಳು.

ಡಾಕ್ಟರು ಅವನ ಹೊಟ್ಟೆ ಒತ್ತಿ ನೋಡಿದರು. ಅವನು ಹಲ್ಲು ಕಚ್ಚಿದ.

"ಹೊಟ್ಟೇಲಿ ಹುಣ್ಣಾಗಿರಬಹುದು. ಖಾರ, ಕಾಫಿ ಎಲ್ಲಾ ನಿಲ್ಲಿಸು. ಪಥ್ಯ ಕಷ್ಟ, ಆದರೆ ಮಾಡಲೇಬೇಕು."

"ಪಥ್ಯ ನನಗೆ ರೂಢಿ ಇದೆ ಸಾರ್. ಎರಡು ವರ್ಷದಿಂದ ಪೂರ್ತಿ ಪಥ್ಯದಲ್ಲೇ ಇದೀನಿ."

"ಯಾವ ಕಾಯಿಲೆಗೆ?"

"ನನಗಲ್ಲ ಸಾರ್. ಇವಳಿಗೋಸ್ಕರ." ಉಜ್ಜನಪ್ಪ ಹೆಂಡತಿಯತ್ತ ನೋಡದೆ ಹೇಳಿದ. "ಮಗು ಹೋದಾಗ ಆಸ್ಪತ್ರೆ ಲೇಡಿ ಡಾಕ್ಟ್ರು ನನ್ನ ಹೊರಗೆ ಕರೆದು ಹೇಳಿದ್ರು. ಪೂರ್ತಿ ಪಥ್ಯ ಇರಬೇಕು, ನಾನು ಹೇಳೋತನಕ ಬಿಡಬಾರದು, ಬಿಟ್ರೆ ಜೀವಕ್ಕೇ ಅಪಾಯ ಅಂತ."

ಡಾಕ್ಟರು ಜಯಶೀಲಾಳ ಕಡೆ ತಿರುಗಿದರು. "ಎರಡು ವರ್ಷದಿಂದ ನೀನು ಉಪ್ಪು ತಿಂತಿಲ್ಲವಾ? ನನಗೆ ಹೇಳಲೇ ಇಲ್ಲ."

"ತಿಂತೀನಿ ಡಾಕ್ಟ್ರೇ. ಬಾಣಂತನದಲ್ಲಿ ಅವ್ವ ಸಪ್ಪೆ ಹಾಕಿದ್ರು. ನರ್ಸಮ್ಮ ಹೇಳಿದ್ರಂತೆ. ಬಾವು ಇಳಿದ ಮೇಲೆ ಬಿಟ್ವಿ."

"ಮತ್ತೆ ನೀನು ಯಾವ ಪಥ್ಯ ಹೇಳ್ತಿದೀಯಪ್ಪ?"

ಉಜ್ಜನಪ್ಪನ ಕಿವಿ ಕೆಂಪಾಯಿತು. "ನೀವು ಗಂಡಸರು. ನಿಮಗೆ ಗೊತ್ತಿರುತ್ತೆ ಸಾರ್."

"ನನಗೆ ಗೊತ್ತಿಲ್ಲ. ಹೇಳು."

"ನಮ್ಮಪ್ಪ ಹಳ್ಳೀಲಿ ಕಾಮಾಲೆಗೆ ಔಷಧಿ ಕೊಡ್ತಿದ್ರು. ಉಪ್ಪು, ಖಾರ, ಎಣ್ಣೆ ಬಿಡೋದು ಬರೀ ಪಥ್ಯ." ಅವನು ಉಗುಳು ನುಂಗಿದ. "ಪೂರ್ತಿ ಪಥ್ಯ ಅಂದ್ರೆ ಗಂಡ ಹೆಂಡ್ತಿ ಬೇರೆ ಇರೋದು. ಅದನ್ನ ಗಂಡಸರನ್ನ ಪಕ್ಕಕ್ಕೆ ಕರೆದು ಹೇಳ್ತಿದ್ರು. ಹೆಂಗಸಿನ ಕಿವಿಗೆ ಬಿದ್ರೆ ಔಷಧಿ ಹತ್ತಲ್ಲ ಅಂತ ನಮ್ಮ ಕಡೆ ನಂಬಿಕೆ."

ಹೊರಗೆ ಜಟಕಾ ಗಾಡಿಯೊಂದು ಹಾದುಹೋಯಿತು.

"ಉಪ್ಪು, ಮಾರಾಯ," ಎಂದರು ಡಾಕ್ಟರು. "ಆಯಮ್ಮ ಹೇಳಿದ್ದು ಉಪ್ಪು. ಮೈಯಲ್ಲಿ ನೀರು ತುಂಬಿತ್ತಲ್ಲ, ಅದಕ್ಕೆ. ಇನ್ನು ಬೇಗ ಬಸುರಿ ಆಗೋದು ಬೇಡ ಅಂತಿದ್ರೆ ಅದಕ್ಕೆ ಬೇರೆ ದಾರಿ ಇದೆ. ಇಬ್ಬರೂ ಕೂತು ಕೇಳಿದ್ರೆ ಹೇಳ್ತಿದ್ರು. ಮತ್ತೆ ಹೋಗಿ ಯಾಕೆ ಕೇಳಲಿಲ್ಲ?"

"ಹೋಗಿದ್ದೆ ಸಾರ್. ಅವರಿಗೆ ಟ್ರಾನ್ಸ್‌ಫರ್ ಆಗಿತ್ತು. ಅವರು ಹೇಳೋತನಕ ಅಂದಿದ್ರಲ್ಲ."

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಕೆಟ್ಟ ನಗುವಲ್ಲ. ಉಜ್ಜನಪ್ಪನ ಮುಖದಲ್ಲೂ, ಗಂಟು ಇಳಿಸಿದವನ ಹಾಗೆ, ಒಂದು ನಗು ಬರಲೋ ಬೇಡವೋ ಎಂದು ಬಂತು. ಹೆಂಡತಿಯೂ ನಗಬಹುದೆಂದು ತಿರುಗಿ ನೋಡಿದ.

ಕುರ್ಚಿ ಖಾಲಿಯಾಗಿತ್ತು.

*

ತುಂಗಾ ನದಿಯ ಮೆಟ್ಟಿಲ ಮೇಲೆ ಅವಳು ಸಿಕ್ಕಿದಳು. ಕೆಳಗೆ ಯಾರೋ ಬಟ್ಟೆ ಒಗೆಯುತ್ತಿದ್ದರು. ಅವನು ಒಂದು ಮೆಟ್ಟಿಲು ಬಿಟ್ಟು ಕೂತ.

"ತಪ್ಪು ತಿಳ್ಕೊಂಡೆ ಜಯಾ. ಆದ್ರೆ ನಿನ್ನ ಉಳಿಸೋಕೆ ಅಂತಲೇ ಮಾಡಿದ್ದು."

"ಗೊತ್ತಾಯ್ತು."

"ಮತ್ಯಾಕೆ ಎದ್ದು ಬಂದೆ? ಎಲ್ಲಾ ಸರಿಹೋಯ್ತಲ್ಲ."

ಅವಳು ಅವನನ್ನು ನೋಡಿದಳು. "ನಿಮಗೆ ಸರಿಹೋಯ್ತು. ನಿಮ್ಮ ಹತ್ರ ಎರಡು ವರ್ಷದಿಂದ ಒಂದು ಕಾರಣ ಇತ್ತು. ಹೆಂಡ್ತಿಯ ಜೀವ ಕಾಯ್ತಿದೀನಿ ಅಂತ ಸಮಾಧಾನ ಇತ್ತು. ನನ್ನ ಹತ್ರ ಏನಿತ್ತು?"

ಅವನು ಮೆಟ್ಟಿಲ ಮೇಲಿನ ಒಣಗಿದ ಎಲೆಯೊಂದನ್ನು ಎತ್ತಿಕೊಂಡ.

"ನಲ್ಲಿ ಹತ್ರ ಪೊನ್ನಮ್ಮ ಹೇಳಿದ್ಲು, ನೀವೇ ನೈಟ್ ಕೇಳಿ ತಗೊಳ್ತೀರಂತೆ. ಮನೆಗೆ ಬಂದು ಕನ್ನಡಿ ನೋಡ್ಕೊಂಡೆ. ನನ್ನ ಯಾವ ಭಾಗ ಕಂಡು ಇವರಿಗೆ ಬೇಜಾರಾಯ್ತು ಅಂತ ಹುಡುಕಿದೆ. ಮಗು ಹೋಯ್ತಲ್ಲ, ಅದಕ್ಕೇ ನನ್ನ ಮೈಯನ್ನ ಕಂಡ್ರೆ ಇವರಿಗಾಗಲ್ಲ ಅಂದ್ಕೊಂಡೆ."

"ಅಯ್ಯೋ, ಜಯಾ."

"ಅಂದ್ಕೊಳ್ಳದೆ ಏನು ಮಾಡ್ಲಿ? ಫೋರ್ಮನ್ನಿಗೆ ಹೇಳಿ ಅಂದೆ. ಹೇಳಿ ನೋಡಿದೆ, ಕೇಳಲ್ಲ ಅಂದ್ರಿ. ಅದೂ ಪಥ್ಯವೇನು?"

ಕೆಳಗಿನ ಹೆಂಗಸು ಒಗೆಯುವುದನ್ನು ನಿಲ್ಲಿಸಿ ಇತ್ತ ನೋಡಿದಳು. ಜಯಶೀಲಾ ದನಿ ತಗ್ಗಿಸಲಿಲ್ಲ. ಮದುವೆಯಾದಮೇಲೆ ಗಂಡನೆದುರು ಅವಳ ದನಿ ಇಷ್ಟು ಏರಿದ್ದು ಇದೇ ಮೊದಲು. "ನನ್ನ ಜೀವ. ಅದರ ವಿಷಯ ಡಾಕ್ಟ್ರಿಗೆ ಗೊತ್ತು, ನಿಮಗೆ ಗೊತ್ತು. ನನಗೊಬ್ಬಳಿಗೆ ಗೊತ್ತಿಲ್ಲ. ಇದಕ್ಕೆ ಪಥ್ಯ ಅಂತಾರಾ? ನನ್ನ ಕೇಳದೆ ನನಗೆ ಹಾಕಿದ ಉಪವಾಸ ಇದು."

ಉಜ್ಜನಪ್ಪ ನೀರಿನ ಕಡೆ ತಿರುಗಿದ. ಆಮೇಲೆ ಮಾತಾಡಿದ. ಅಷ್ಟು ಮಾತನ್ನು ಅವನು ಒಟ್ಟಿಗೆ ಆಡಿದ್ದನ್ನು ಅವಳು ಕಂಡಿರಲಿಲ್ಲ.

"ಮೊದಲು ಡೇ ಶಿಫ್ಟಲ್ಲೇ ಇದ್ದು ನೋಡಿದೆ. ನೀನು ತವರಿಂದ ಬಂದ ವಾರ. ಒಂದೇ ಕೋಣೆ. ನೀನು ಆ ಕಡೆ ತಿರುಗಿ ಮಲಗಿದ್ರೆ ನಿನ್ನ ಜಡೆ ನನ್ನ ಕಡೆ ಬಿದ್ದಿರ್ತಿತ್ತು. ಕೈ ಚಾಚಿದ್ರೆ ನೀನು ಸತ್ತೋಗ್ತೀಯ ಅನ್ನಿಸ್ತಿತ್ತು. ನನ್ನ ಮೇಲೆ ನನಗೆ ನಂಬಿಕೆ ಇರಲಿಲ್ಲ ಕಣೆ. ಅದಕ್ಕೇ ನೈಟ್ ಕೇಳಿದೆ."

ಅವಳ ಕೈ ತನ್ನ ಜಡೆಯ ಮೇಲೆ ಹೋಯಿತು.

"ಬೆಳಿಗ್ಗೆ ಬಂದಾಗ ನೀನು ಎದ್ದಿರ್ತಿದ್ದೆ. ಹಾಸಿಗೆ ಇನ್ನೂ ಬಿಸಿ ಇರ್ತಿತ್ತು. ನೀನು ಮಲಗಿದ್ದ ಜಾಗದಲ್ಲೇ ಮಲಗ್ತಿದ್ದೆ. ದಿಂಬಿಗೆ ನಿನ್ನ ಎಣ್ಣೆ ವಾಸನೆ. ನಿದ್ದೆ ಎಲ್ಲಿ ಬರುತ್ತೆ? ಕಣ್ಣು ಮುಚ್ಕೊಂಡು, ನೀನು ಅಡುಗೆಮನೇಲಿ ಓಡಾಡೋದನ್ನ ಕೇಳ್ತಾ ಬಿದ್ದಿರ್ತಿದ್ದೆ."

ಜಯಶೀಲಾಳ ಕಣ್ಣಿನಲ್ಲಿ ನೀರು ಬಂತು. ಈ ಮಾತಿಗಾಗಿ ಅವಳು ಎಷ್ಟು ಹಸಿದಿದ್ದಳೆಂದು ಅವಳಿಗೇ ಗೊತ್ತಿರಲಿಲ್ಲ. ಆದರೆ ಹಸಿವು ಇದ್ದವರಿಗೆ ಊಟ ಎದುರಿಗೆ ಇಟ್ಟಾಗಲೇ ಸಿಟ್ಟು ಹೆಚ್ಚು ಬರುವುದೂ ಉಂಟು.

"ನಾನೂ ಆ ಕಡೆ ನಿಮಗೆ ಎಚ್ಚರ ಆಗಬಾರದು ಅಂತ ಪಾತ್ರೆ ಸದ್ದಾಗದ ಹಾಗೆ ತೊಳೀತಿದ್ದೆ," ಎಂದಳು. "ಗೋಡೆಯ ಆ ಕಡೆ ಒಬ್ಬರು, ಈ ಕಡೆ ಒಬ್ಬರು. ಒಂದು ಮಾತು ಹೇಳಿದ್ರೆ ಸಾಕಿತ್ತು."

"ಈಗ ಹೇಳಿದೆನಲ್ಲ. ಹೊರಡು, ಹೋಗೋಣ. ಸಂಜೆ ಗಾಡಿ ಇದೆ."

"ನೋಡಿ, ಮತ್ತೆ ನೀವೇ ತೀರ್ಮಾನ ಮಾಡಿದ್ರಿ," ಎಂದು ಅವಳು ಎದ್ದಳು. "ನಾನು ಬರಲ್ಲ."

ಅವಳು ಮೆಟ್ಟಿಲು ಹತ್ತಿ ಹೋಗುವುದನ್ನು ನೋಡುತ್ತಾ ಅವನು ಅಲ್ಲೇ ಕೂತಿದ್ದ. ಒಗೆಯುತ್ತಿದ್ದ ಹೆಂಗಸು ಬಟ್ಟೆ ಹಿಂಡುತ್ತಾ, "ಹಿಂದೇನೇ ಓಡಬೇಡಿ ಅಣ್ಣಾ. ಸ್ವಲ್ಪ ದಿನ ಬಿಡಿ," ಎಂದಳು.

*

ಮುಂದಿನ ಸಲ ಡಾಕ್ಟರು ಪಟ್ಟಿ ಬಿಚ್ಚುತ್ತಾ, "ಸ್ವಲ್ಪ ಇಳಿದಿದೆಯಲ್ಲ. ಈ ವಾರ ಏನು ಮಾಡಿದೆ?" ಎಂದು ಕೇಳಿದರು.

"ಬೈದೆ."

"ಯಾರಿಗೆ, ಗಂಡನಿಗಾ?"

"ಹೊಳೆ ಹತ್ರ. ನಾಲ್ಕು ಜನ ಕೇಳೋ ಹಾಗೆ."

"ಮುಂದುವರಿಸು," ಎಂದರು ಡಾಕ್ಟರು. "ಮಾತ್ರೇನೂ ಬಿಡಬೇಡ."

ಮನೆಯಲ್ಲಿ ವೀರಮ್ಮ ಮಾತ್ರ ಸುಮ್ಮನಿರಲಿಲ್ಲ. "ಗಂಡ ಹೊಡೀಲಿಲ್ಲ, ಬಡೀಲಿಲ್ಲ, ಕುಡೀಲಿಲ್ಲ. ಹೆಂಡ್ತಿ ಉಳೀಲಿ ಅಂತ ಒದ್ದಾಡಿದಾನೆ. ಅದಕ್ಕೂ ಸಿಟ್ಟು ಮಾಡ್ಕೊಳ್ಳೋರು ಇರ್ತಾರಾ?"

"ನೀನು ಹೇಳೋದು ಸರಿ ಅವ್ವ. ಸರಿ ಅಂತ ಗೊತ್ತಾದ್ರೆ ಸಿಟ್ಟು ಹೋಗಿಬಿಡುತ್ತಾ?"

ವೀರಮ್ಮ ಮೊರದಿಂದ ಕಲ್ಲೊಂದನ್ನು ಆರಿಸಿ ಎಸೆದಳು. "ಹೋಗಲ್ಲ," ಎಂದಳು. ಮತ್ತೆ ಆ ಮಾತು ಎತ್ತಲಿಲ್ಲ.

ಮಧ್ಯಾಹ್ನ ಅಪ್ಪನಿಗೆ ಬುತ್ತಿ ಒಯ್ಯುವುದು ಜಯಶೀಲಾಳ ಕೆಲಸವಾಯಿತು. ಷಣ್ಮುಖಪ್ಪನವರು ಒಳಗಡೆ ಕೂತು ಊಟ ಮಾಡುವಷ್ಟು ಹೊತ್ತು ಅವಳು ಅಂಗಡಿಯ ಮುಂದೆ ಇರುತ್ತಿದ್ದಳು. ಬಿಸಿಲಿನ ಹೊತ್ತು, ಗಿರಾಕಿ ಕಡಿಮೆ.

ಅಂಥ ಒಂದು ಮಧ್ಯಾಹ್ನ ಉಜ್ಜನಪ್ಪ ಅಂಗಡಿಯ ಮೆಟ್ಟಿಲು ಹತ್ತಿದ.

ಹಗಲು ಹೊತ್ತು. ನೆಟ್ಟಗೆ ಕಾರ್ಖಾನೆಯಿಂದ ಬಂದಿದ್ದ. ಉಗುರಿನ ಸಂದಿಯಲ್ಲಿ ಮಸಿ ಹಾಗೇ ಇತ್ತು. ಕಣ್ಣು ಮಾತ್ರ ನಿದ್ದೆ ಮಾಡಿದವನ ಕಣ್ಣು. ಅವಳು ಗಮನಿಸಿದ್ದು ಅದನ್ನು. ಗಮನಿಸಿದ್ದು ಗೊತ್ತಾಗಬಾರದೆಂದು ಕಪಾಟಿನ ಕಡೆ ತಿರುಗಿದಳು.

"ಏನು ಬೇಕಿತ್ತು?" ಗಿರಾಕಿಯನ್ನು ಕೇಳುವ ಹಾಗೆ ಕೇಳಿದಳು.

"ಬೆಳಗಿನ ಫಸ್ಟ್ ಶಿಫ್ಟಿಗೆ ಹಾಕಿಸ್ಕೊಂಡೆ."

"ಅದು ಅಂಗಡೀಲಿ ಸಿಗಲ್ಲ. ಇಲ್ಲಿ ಏನು ಬೇಕಿತ್ತು?"

ಅವನು ನಕ್ಕ. ಹೆಣ್ಣು ನೋಡಲು ಬಂದ ದಿನದ ನಗು ಅದು. ಅವಳ ಎದೆ ಹೊಡೆದುಕೊಂಡಿತು. ಇದು ಕಾಯಿಲೆಯ ಬಡಿತವಲ್ಲ ಎಂದು ಅವಳಿಗೆ ತಿಳಿಯಿತು. ತಿಳಿದು ಇನ್ನಷ್ಟು ಸಿಟ್ಟು ಬಂತು.

"ಕೇಳೋಕೆ ಬಂದೆ," ಎಂದ. "ನಿನಗೆ ನನ್ನ ಮೇಲೆ ಎಷ್ಟು ಸಿಟ್ಟಿದೆ?"

ಅವಳು ಕಪಾಟಿನಿಂದ ಬಿಳಿ ಲಾಂಗ್‌ಕ್ಲಾತ್ ಬಟ್ಟೆಯ ಒಂದು ಇಡೀ ಥಾನು ಎಳೆದು ಕಟ್ಟೆಯ ಮೇಲೆ ಹಾಕಿ ಬಿಚ್ಚತೊಡಗಿದಳು. ಒಂದು ಗಜ, ಎರಡು ಗಜ. ಅವನ ಮುಖ ನೋಡುತ್ತಲೇ ಬಿಚ್ಚಿದಳು. ಬಟ್ಟೆ ಕಟ್ಟೆಯ ಅಂಚು ದಾಟಿ ಅವನ ಕಡೆ ಜಾರಿತು. ನೆಲಕ್ಕೆ ಬೀಳುತ್ತದೆಂದು ಅವನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವಳು ನಿಲ್ಲಿಸಲಿಲ್ಲ. ಹಿಡಿದಷ್ಟೂ ಬರುತ್ತಿತ್ತು. ಕೊನೆಗೆ ತೋಳ ತುಂಬ ಬಿಳಿ ಬಟ್ಟೆ ಅಪ್ಪಿಕೊಂಡು, ಗಲ್ಲ ಎತ್ತಿ ನಿಂತ.

"ಇನ್ನೂ ಇದೆಯಾ?"

"ಇದೆ. ಇದು ಒಂದು ಥಾನು."

ಒಳಗಿನಿಂದ ಷಣ್ಮುಖಪ್ಪನವರ ದನಿ ಬಂತು. "ಯಾರಮ್ಮ ಗಿರಾಕಿ?"

"ತಗೊಳ್ಳೋರಲ್ಲ ಅಪ್ಪಾಜಿ. ನೋಡೋರು."

"ಬಿಚ್ಚಿದ್ದನ್ನ ಸರಿಯಾಗಿ ಮಡಚಿಡಿ ಮತ್ತೆ. ಬಿಳಿ ಬಟ್ಟೆ."

ಅಷ್ಟು ಉದ್ದದ ಬಟ್ಟೆಯನ್ನು ಒಬ್ಬರೇ ಮಡಚಲಾಗುವುದಿಲ್ಲ. ಅವಳು ಒಂದು ತುದಿ ಹಿಡಿದಳು, ಅವನು ಒಂದು ತುದಿ. ದೂರ ಸರಿದು ಎಳೆದರು, ಹತ್ತಿರ ಬಂದು ಕೂಡಿಸಿದರು. ಅವನು ಅಂಚು ತಪ್ಪಿಸಿದ.

"ಹಾಗಲ್ಲ. ಅಂಚಿಗೆ ಅಂಚು."

"ಹೀಗಾ?"

"ಹೂಂ."

ಪ್ರತಿ ಮಡಿಕೆಗೂ ಅವನು ಮಸಿಯ ಉಗುರು ಬಟ್ಟೆಗೆ ತಾಗದಂತೆ ಬೆರಳು ಚಾಚಿ ಹಿಡಿಯುತ್ತಿದ್ದ. ಆ ಎಚ್ಚರ ಕಂಡು ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು.

"ಮತ್ತೆ ಬಸುರಿ ಆಗೋದಕ್ಕೆ ನನಗೂ ಭಯ ಇದೆ," ಎಂದಳು ಬಟ್ಟೆಯನ್ನೇ ನೋಡುತ್ತಾ. "ನಿಮಗೊಬ್ಬರಿಗೇ ಅಂದ್ಕೊಂಡಿದ್ರಾ?"

"ಹಾಗೇ ಅಂದ್ಕೊಂಡಿದ್ದೆ."

"ಭಯ ಪಡೋದಿದ್ರೆ ಇಬ್ಬರೂ ಕೂತು ಭಯ ಪಡೋಣ. ಡಾಕ್ಟ್ರ ಹತ್ರ ಹೋದ್ರೆ ಇಬ್ಬರೂ ಹೋಗೋದು. ಅವರು ಏನೇ ಹೇಳಲಿ, ನಿಮ್ಮ ಕಡೆ ಅದಕ್ಕೆ ಏನೇ ಅರ್ಥ ಇರಲಿ, ನನಗೆ ಹೇಳಬೇಕು."

"ಹೇಳ್ತೀನಿ."

"ನಾಚ್ಕೆ ಆದ್ರೂ."

"ಆದ್ರೂ."

ಕೊನೆಯ ಮಡಿಕೆಗೆ ಇಬ್ಬರೂ ಎದುರುಬದುರು ಬಂದಿದ್ದರು. ಥಾನು ಅವಳ ಕೈಗೆ ದಾಟುವಾಗ ಅವನ ಬೆರಳು ಅವಳ ಬೆರಳಿನ ಮೇಲೆ ಉಳಿಯಿತು. ಬಹಳ ದಿನದ ಮೇಲೆ ತಾಗಿದ ಕೈ. ಅವಳು ಹಿಂತೆಗೆದುಕೊಳ್ಳಲಿಲ್ಲ.

"ಸಿಟ್ಟು ಹೋಗಿಲ್ಲ," ಎಂದಳು. "ಮಡಚಿಟ್ಟಿದೀನಿ, ಅಷ್ಟೇ. ಯಾವತ್ತಾದ್ರೂ ಮತ್ತೆ ಬಿಚ್ತೀನಿ."

"ಹಿಡ್ಕೊಳ್ತೀನಿ."

ಅವಳು ಥಾನನ್ನು ಕಪಾಟಿನಲ್ಲಿಟ್ಟು, ಬೆನ್ನು ತಿರುಗಿಸಿಕೊಂಡೇ ಹೇಳಿದಳು. "ಅವ್ವ ಇವತ್ತು ಖಾರ ಹಾಕದೆ ಬೇಳೆ ಮಾಡಿದಾಳೆ. ಊಟ ಮಾಡ್ಕೊಂಡು ಹೋಗೋಣ."

ಅವಳು ತಿರುಗಿದಳು. ಉಜ್ಜನಪ್ಪ ಇದ್ದಲ್ಲೇ ನಿಂತಿದ್ದ.

"ಊಟ ಮಾಡ್ಕೊಂಡು ಹೋಗಿ ಅಂದ್ಯಾ, ಹೋಗೋಣ ಅಂದ್ಯಾ?"

"ನಿಮಗೆ ಯಾವುದು ಕೇಳಿಸ್ತು?"

"ಕೇಳಿಸಿದ್ದನ್ನ ನಂಬಿ ಒಂದ್ಸಲ ಕೆಟ್ಟಿದೀನಿ ಮಾರಾಯ್ತಿ. ಅದಕ್ಕೇ ಕೇಳ್ತಿದೀನಿ."

ಜಯಶೀಲಾ ನಕ್ಕುಬಿಟ್ಟಳು. ಒಳಗೆ ಊಟ ಮಾಡುತ್ತಿದ್ದ ಅಪ್ಪನ ಕೈ ತಟ್ಟೆಯ ಮೇಲೆ ನಿಂತಿತು; ಆ ನಗು ಆ ಅಂಗಡಿಯಲ್ಲಿ ಕೇಳಿ ಬಹಳ ಕಾಲವಾಗಿತ್ತು.

"ಹೋಗೋಣ ಅಂದೆ," ಎಂದು ಅವಳು ಬಿಡಿಸಿ ಹೇಳಿದಳು.